ನನ್ನ ಕರ್ಮವೋ, ಮಗುವಿನದೋ

1989ರ ಮಳೆಗಾಲ. ಸಾಗರ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ನಾನು ಎಎನ್‌ಎಂ ಕೆಲಸದಲ್ಲಿದ್ದೆ. ಊರವರ ಬಾಯಲ್ಲಿ ನರ್ಸಮ್ಮ. ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು, ಗದ್ದೆಯಂಚಿನ ಮೇಲೆ ಕಾಲು ಜಾರದಂತೆ ನೋಡಿಕೊಳ್ಳುತ್ತ ಕೇರಿಗೆ ಹೋದಾಗ ಬೆಳಿಗ್ಗೆ ಹತ್ತಾಗಿತ್ತು. ನೆಟ್ಟಿಯ ದಿನಗಳು. ಆ ಹೊತ್ತಿನಲ್ಲಿ ಕೇರಿಯಲ್ಲಿ ಮಕ್ಕಳು, ಮುದುಕರು ಬಿಟ್ಟರೆ ಯಾರೂ ಸಿಗುವ ಹಾಗಿಲ್ಲ. ಅಲ್ಲಿ ಮಾತ್ರ ಮೂವತ್ತು ದಾಟದವರೂ ಜಗಲಿಯಲ್ಲಿದ್ದರು. ಸೊಂಟ ಮಡಚಲಾಗದೆ ಗೋಡೆಗೆ ಒರಗಿ, ಕಾಲು ನೀಳಕ್ಕೆ ಚಾಚಿ, ಪಕ್ಕದಲ್ಲಿ ಎರಡು ಬಿದಿರುಕೋಲು ಇಟ್ಟುಕೊಂಡು ಮಳೆ ನೋಡುತ್ತಿದ್ದರು.

ಒಬ್ಬ ತಾಯಿ ಏಳು ವರ್ಷದ ಮಗನನ್ನು ನನ್ನ ಮುಂದೆ ನಿಲ್ಲಿಸಿ, ‘ಇವನ ನಡಿಗೆ ನೋಡಿ ನರ್ಸಮ್ಮ’ ಅಂದಳು. ಹುಡುಗ ಅಂಗಳದ ಆ ತುದಿಗೆ ಹೋಗಿ ಬಂದ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ವಾಲುತ್ತಿದ್ದ. ತಾಯಿಯ ನಡಿಗೆಯೂ ಹಾಗೇ ಇತ್ತು. ಅವಳಿಗೆ ಗೊತ್ತಿಲ್ಲದ್ದು ನನಗೇನೂ ಗೊತ್ತಿರಲಿಲ್ಲ. ನೋವಿನ ಮಾತ್ರೆ ಎಣಿಸಿ ಕೊಡುತ್ತಿದ್ದಾಗ ಅವಳು ಕೇಳಿದಳು: ‘ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕಬೇಡಿ. ನೀವು ಓದಿದೋರು. ಇದು ನನ್ ಕರ್ಮನೋ, ಮಗೂಂದೋ?’

‘ಹಣೆಬರಹ ಕಣಮ್ಮ, ಏನ್ ಮಾಡಕ್ಕಾಗ್ತದೆ’ ಅಂದು ನಾನು ಡಬ್ಬಿ ಎತ್ತಿಕೊಂಡು ಹೊರಟೆ.

ಆ ಮಾತನ್ನು ಆಡಬಾರದಿತ್ತು. ಅವಳ ಪ್ರಶ್ನೆ ಎಷ್ಟು ಹರಿತವಾದದ್ದು ಎಂದು ನನಗೆ ಹೊಳೆಯಲು ಬಹಳ ವರ್ಷ ಬೇಕಾಯಿತು. ಕಾಯಿಲೆ ಅವಳ ಕರ್ಮದ ಫಲವಾದರೆ, ಅದನ್ನು ಉಣ್ಣಲು ಏನೂ ಮಾಡದ ಮಗುವನ್ನು ಯಾಕೆ ಕೂರಿಸಬೇಕು? ಮಗು ತನ್ನದೇ ಹಿಂದಿನ ಜನ್ಮದ ಪಾಪವನ್ನು ಹೊತ್ತು ಬಂದಿದ್ದರೆ, ಅದು ತಾಯಿಯ ನಡಿಗೆಯನ್ನೇ ಯಾಕೆ ನಡೆಯಬೇಕು? ಕರ್ಮ ಒಬ್ಬೊಬ್ಬರ ಲೆಕ್ಕ; ರಕ್ತ ಎಲ್ಲರದೂ ಕೂಡಿದ ಲೆಕ್ಕ. ಈ ಎರಡು ಲೆಕ್ಕ ತಾಳೆಯಾಗುವುದಿಲ್ಲ ಅನ್ನುವುದನ್ನು ಶಾಲೆಯ ಮೆಟ್ಟಿಲು ಹತ್ತದ ಒಬ್ಬ ಹೆಂಗಸು ಹತ್ತು ಅಕ್ಷರದಲ್ಲಿ ಹೇಳಿಬಿಟ್ಟಿದ್ದಳು.

ಅದು ಹಂದಿಗೋಡು ಕಾಯಿಲೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1974-75ರ ಸುಮಾರಿಗೆ ಹೊರಗಿನವರ ಕಣ್ಣಿಗೆ ಬಿತ್ತು, ಊರಿನ ಹೆಸರೇ ಕಾಯಿಲೆಗೂ ಅಂಟಿತು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ, ಆಚೆ ಚಿಕ್ಕಮಗಳೂರು ಜಿಲ್ಲೆಯ ಕೆಲವು ಕಡೆಯೂ ಕಾಣಿಸಿತು. ಹೆಚ್ಚುಕಡಿಮೆ ಎಲ್ಲ ರೋಗಿಗಳೂ ಚನ್ನಂಗಿ ಮತ್ತು ಛಲವಾದಿ ಸಮುದಾಯದವರು, ಬೇರೆಯವರ ಗದ್ದೆ ತೋಟಗಳಲ್ಲಿ ದುಡಿಯುವವರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ನೋಡಿ, ಇದು ಮಲೆನಾಡಿನ ಕುಟುಂಬಗಳಲ್ಲಿ ಹರಿದುಬರುವ ಸಂಧಿರೋಗ ಎಂದು 1977ರಲ್ಲಿ ಬರೆದರು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ (ಐಸಿಎಂಆರ್) ಕೈಹಾಕಿತು. ಲಖನೌದ ಎಸ್‌ಜಿಪಿಜಿಐ ಸಂಸ್ಥೆಯ ಡಾ. ಎಸ್. ಎಸ್. ಅಗರ್ವಾಲ್, ಡಾ. ಶುಭಾ ಫಡ್ಕೆ ಮೊದಲಾದವರು ಎಕ್ಸ್‌ರೇಗಳನ್ನು ಸಾಲಾಗಿಟ್ಟು ಅಭ್ಯಾಸ ಮಾಡಿ, ಬೆನ್ನೆಲುಬಿನ ಮತ್ತು ಎಲುಬುಗಳ ತುದಿಯ ಬೆಳವಣಿಗೆಯೇ ಕೆಡುವ ಒಂದು ಹೊಸ ಬಗೆಯ ವಂಶವಾಹಿ ಕಾಯಿಲೆ ಇದು ಎಂದು 1994ರಲ್ಲಿ ಪ್ರಕಟಿಸಿದರು. ಕೆಲವರಿಗೆ ಎತ್ತರ ಸರಿಯಿದ್ದು ಸೊಂಟ, ಮಂಡಿ ಮಾತ್ರ ಸವೆದುಹೋಗುತ್ತವೆ. ಕೆಲವರ ಮುಂಡ ಗಿಡ್ಡವಾಗುತ್ತದೆ. ಕೆಲವರು ಬಾಲ್ಯದಲ್ಲೇ ಕುಳ್ಳಾಗಿ ಉಳಿದುಬಿಡುತ್ತಾರೆ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಸಾಕು, ಪ್ರತಿಯೊಂದು ಬಸಿರಿನಲ್ಲೂ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಗಂಡು ಹೆಣ್ಣೆಂಬ ಭೇದ ಅದಕ್ಕಿಲ್ಲ.

ಜನ ಇದನ್ನು ಸುಲಭಕ್ಕೆ ಒಪ್ಪಲಿಲ್ಲ, ಒಪ್ಪದಿದ್ದುದಕ್ಕೆ ಅವರಿಗೆ ಕಾರಣವೂ ಇತ್ತು. ‘ನಮ್ಮ ಅಜ್ಜ ಅಜ್ಜಿ ನೆಟ್ಟಗೇ ನಡೀತಿದ್ರು. ಗದ್ದೆಗೆ ಔಷಧಿ ಹೊಡೆಯೋಕೆ ಶುರುವಾದ ಮೇಲೆ ಬಂತು ಇದು’ ಎಂದು ಕೇರಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಎಂಡ್ರಿನ್, ಫಾಲಿಡಾಲ್ ಹೊಡೆದ ಗದ್ದೆಯಲ್ಲಿ ಸತ್ತು ತೇಲಿದ ಏಡಿ, ಮೀನನ್ನು ಹೆಕ್ಕಿ ತಿಂದವರು ಇವರೇ. ಇದು ನನಗೆ ಓದಿ ತಿಳಿದ ವಿಷಯ ಅಲ್ಲ. ನನ್ನ ತವರು ತೀರ್ಥಹಳ್ಳಿಯ ಕಡೆ, ಗೌಡರ ಮನೆ. ನಮ್ಮ ಗದ್ದೆಗೂ ಔಷಧಿ ಹೊಡೆಸುತ್ತಿದ್ದರು. ಹೊಡೆದ ದಿನ ನಮ್ಮ ಮನೆಯ ಮಕ್ಕಳು ಗದ್ದೆಯ ಕಡೆ ಸುಳಿಯಬಾರದೆಂದು ಅಪ್ಪಯ್ಯ ಕಟ್ಟುನಿಟ್ಟು ಮಾಡುತ್ತಿದ್ದರು. ಅದೇ ಸಂಜೆ ಆಳುಗಳ ಮಕ್ಕಳು ಮಡಿಲ ತುಂಬ ಏಡಿ ತುಂಬಿಕೊಂಡು ಹೋಗುವುದನ್ನು ನಾನು ಉಪ್ಪರಿಗೆಯ ಕಿಟಕಿಯಿಂದ ನೋಡಿದ್ದೇನೆ. ಬೇಡ ಅಂತ ಅವರಿಗೆ ಯಾರೂ ಹೇಳಲಿಲ್ಲ. ಎಲುಬಿನ ಕಾಯಿಲೆಗೆ ಆ ವಿಷ ಮೂಲವಲ್ಲ ಎಂದು ವಂಶಾವಳಿಗಳು ಹೇಳುತ್ತವೆ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗಳಿಗೆ ಅದು ಇಳಿದುಬಂದ ರೀತಿಗೆ ಬೇರೆ ವಿವರಣೆ ಹೊಂದುವುದಿಲ್ಲ. ಆದರೂ ಹಸಿದ ಮಕ್ಕಳು ವಿಷದ ಏಡಿ ತಿಂದದ್ದು ಸುಳ್ಳಾಗುವುದಿಲ್ಲ. ಕೇರಿಯವರ ನೆನಪಿನಲ್ಲಿ ಆ ಎರಡೂ ಒಂದಾಗಿ ಕೂತಿವೆ, ಅದನ್ನು ಮೂಢನಂಬಿಕೆ ಎಂದು ತಳ್ಳುವ ಹಕ್ಕು ನನಗಿಲ್ಲ.

ಅಪ್ಪಯ್ಯ ಕೆಟ್ಟವರಾಗಿರಲಿಲ್ಲ. ದೇವರೆಂದರೆ ಭಯ, ಭಕ್ತಿ. ಎಳ್ಳಮಾವಾಸ್ಯೆಗೆ ತಪ್ಪದೆ ನಮ್ಮನ್ನು ತೀರ್ಥಹಳ್ಳಿಯ ಜಾತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ತುಂಗೆಯ ರಾಮತೀರ್ಥದಲ್ಲಿ ಚಳಿಗೆ ಹಲ್ಲು ಕಟಕಟಿಸುತ್ತ ಮುಳುಗು ಹಾಕಿ ಎದ್ದಮೇಲೆ ಅದೇ ಕತೆ ಹೇಳುತ್ತಿದ್ದರು. ತಂದೆಯ ಮಾತು ಕೇಳಿ ಪರಶುರಾಮ ತಾಯಿಯ ತಲೆ ಕಡಿದ. ಕೊಡಲಿಗೆ ಹತ್ತಿದ ರಕ್ತ ಎಲ್ಲಿ ತೊಳೆದರೂ ಹೋಗಲಿಲ್ಲ. ಎಷ್ಟೋ ನದಿ ಸುತ್ತಿ ಇಲ್ಲಿಗೆ ಬಂದು ಅದ್ದಿದಾಗ ಕೊನೆಯ ಕಲೆಯೂ ಹೋಯಿತು. ಮಾತೃಹತ್ಯೆಯನ್ನೂ ತೊಳೆಯುವ ನೀರು ಎಂದು ಅಪ್ಪಯ್ಯ ಬೊಗಸೆಯಲ್ಲಿ ಎತ್ತಿ ತೋರಿಸುತ್ತಿದ್ದರು.

ಉಪಕೇಂದ್ರದಿಂದ ರಜೆಗೆಂದು ತವರಿಗೆ ಹೋದಾಗ ಅಪ್ಪಯ್ಯನಿಗೆ ಆ ತಾಯಿಯ ಪ್ರಶ್ನೆ ಹೇಳಿದೆ. ಅವರು ಯೋಚನೆಯನ್ನೂ ಮಾಡದೆ ಉತ್ತರ ಕೊಟ್ಟರು: ‘ಮಗೂದೇ. ಅದು ಹಿಂದೆ ಮಾಡಿದ್ದಕ್ಕೆ ತಕ್ಕ ಹಾಗೆ ಈ ಹೊಟ್ಟೆಯಲ್ಲಿ ಬಂದು ಹುಟ್ಟಿದೆ.’ ಈ ಉತ್ತರ ಅವರ ಸ್ವಂತದ್ದಲ್ಲ. ಛಾಂದೋಗ್ಯ ಉಪನಿಷತ್ತಿನ ಐದನೇ ಅಧ್ಯಾಯದಲ್ಲೇ ಇದೆ: ಒಳ್ಳೆಯ ನಡತೆಯವರು ಒಳ್ಳೆಯ ಯೋನಿಯನ್ನು ಸೇರುತ್ತಾರೆ, ಹೊಲಸು ನಡತೆಯವರು ನಾಯಿ, ಹಂದಿ ಅಥವಾ ಚಂಡಾಲ ಯೋನಿಯನ್ನು. ನನ್ನ ಗಂಡನ ಮನೆ ಹೊಸನಗರ ತಾಲ್ಲೂಕು, ಹೊಂಬುಜಕ್ಕೆ ಹತ್ತಿರ. ಪದ್ಮಾವತಿ ಅಮ್ಮನವರ ದರ್ಶನಕ್ಕೆ ಹೋದಾಗಲೆಲ್ಲ ಜೈನ ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಅವರ ಶಾಸ್ತ್ರದಲ್ಲಿ ಇದು ಇನ್ನೂ ಕರಾರುವಾಕ್ಕು. ಕರ್ಮದಲ್ಲಿ ಎಂಟು ಬಗೆ. ಸುಖದುಃಖ ಕೊಡುವುದು ವೇದನೀಯ, ಮೈಕಟ್ಟು ಕೊಡುವುದು ನಾಮಕರ್ಮ, ಕುಲ ಕೊಡುವುದು ಗೋತ್ರಕರ್ಮ. ಒಬ್ಬ ಜೀವ ಕಟ್ಟಿಕೊಂಡದ್ದನ್ನು ಇನ್ನೊಬ್ಬ ಜೀವ ಬಿಚ್ಚಲಾರದು, ಉಣ್ಣಲಾರದು. ಅಂದರೆ ತಾಯಿ ನಿರಪರಾಧಿ. ಕೇಳಲು ಇದು ಸಮಾಧಾನದ ಉತ್ತರದ ಹಾಗಿದೆ.

ಒಂದು ಹೆಜ್ಜೆ ಮುಂದೆ ಹೋಗಿ ನೋಡಿ. ಮಗು ತನ್ನ ಪಾಪಕ್ಕೆ ತಕ್ಕ ಹೊಟ್ಟೆ ಹುಡುಕಿಕೊಂಡು ಬಂದಿದೆ ಎಂದರೆ ಆ ಹೊಟ್ಟೆಯೇ ಶಿಕ್ಷೆ ಎಂದಾಯಿತು. ಅವಳ ಜಾತಿ ಶಿಕ್ಷೆ, ಅವಳ ಎಲುಬು ಶಿಕ್ಷೆ, ಅವಳು ಕೊಟ್ಟ ಹಾಲೂ ಶಿಕ್ಷೆಯ ಭಾಗ. ತನ್ನ ಮಗುವಿಗೆ ತಾನೇ ಸೆರೆಮನೆ ಎಂದು ಯಾವ ತಾಯಿ ನಂಬಿ ಬದುಕಬೇಕು? ಪರಶುರಾಮನ ಕತೆಯಲ್ಲಿ ಕೊಡಲಿಗೆ ಹತ್ತಿದ ರಕ್ತಕ್ಕೆ ತೀರ್ಥವಿದೆ. ಕಣ್ಣಾರೆ ಕಾಣುವ, ಕೈಯಾರೆ ಮಾಡಿದ ಪಾಪಕ್ಕೆ ಪರಿಹಾರವಿದೆ. ಯಾರೂ ನೋಡದ, ಯಾರಿಗೂ ನೆನಪಿಲ್ಲದ ಹಿಂದಿನ ಜನ್ಮದ ಪಾಪವೊಂದನ್ನು ಏಳು ವರ್ಷದ ಹುಡುಗನ ಎಲುಬಿನೊಳಗೆ ಇಟ್ಟು, ಅದಕ್ಕೆ ತೀರ್ಥವೇ ಇಲ್ಲ ಅನ್ನುವುದು ಧರ್ಮವೆಂದು ನಾನು ಒಪ್ಪುವುದಿಲ್ಲ.

ಒಪ್ಪಬೇಕಾಗಿಯೂ ಇಲ್ಲ, ನಮ್ಮ ಹಿರಿಯರೇ ಎಲ್ಲರೂ ಒಪ್ಪಿದವರಲ್ಲ. ಮೋಲಿಯ ಸೀವಕ ಎಂಬ ಪರಿವ್ರಾಜಕ ರಾಜಗೃಹದಲ್ಲಿ ಬುದ್ಧನನ್ನು ಕಂಡು ಇದೇ ಪ್ರಶ್ನೆ ಕೇಳಿದ: ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲ ಎನ್ನುತ್ತಾರಲ್ಲ, ನೀವೇನು ಹೇಳುತ್ತೀರಿ? ಸಂಯುತ್ತ ನಿಕಾಯದಲ್ಲಿ ಬುದ್ಧನ ಉತ್ತರವಿದೆ. ಕೆಲವು ನೋವು ಪಿತ್ತದಿಂದ, ಕೆಲವು ಕಫದಿಂದ, ಕೆಲವು ವಾತದಿಂದ, ಕೆಲವು ಇವು ಮೂರೂ ಕೂಡಿ, ಕೆಲವು ಋತು ಬದಲಾಗುವುದರಿಂದ, ಕೆಲವು ಅಜಾಗರೂಕತೆಯಿಂದ, ಕೆಲವು ಬೇರೆಯವರ ಪೆಟ್ಟಿನಿಂದ, ಕೆಲವು ಕರ್ಮದಿಂದ. ಎಂಟರಲ್ಲಿ ಕರ್ಮ ಒಂದು, ಅದೂ ಕೊನೆಯದು. ಎಲ್ಲವೂ ಕರ್ಮದಿಂದಲೇ ಎನ್ನುವವರು ತಮಗೆ ತಿಳಿದದ್ದನ್ನೂ ಲೋಕ ಒಪ್ಪಿದ್ದನ್ನೂ ದಾಟಿ ಮಾತಾಡುತ್ತಾರೆ ಎಂದು ಬುದ್ಧ ಖಂಡಿತವಾಗಿ ಹೇಳಿದ. ಬೀಜದ ಯಾವ ಭಾಗ ಕೆಟ್ಟಿರುತ್ತದೋ ಅದರಿಂದ ಆಗಬೇಕಾದ ಅಂಗ ಕೆಡುತ್ತದೆ ಎಂದು ಚರಕ ಶಾರೀರಸ್ಥಾನದಲ್ಲಿ ಬರೆದ. ಸುಶ್ರುತನಂತೂ ತಂದೆ ತಾಯಿಯ ಶುಕ್ರ ಶೋಣಿತಗಳ ದೋಷದಿಂದ ಬರುವ ಕಾಯಿಲೆಗಳಿಗೆ ‘ಆದಿಬಲಪ್ರವೃತ್ತ’ ಎಂದು ಬೇರೆಯೇ ಹೆಸರು ಕೊಟ್ಟು, ದೈವದಿಂದ ಬರುವವನ್ನು ಇನ್ನೊಂದು ಗುಂಪಿಗೆ ಸೇರಿಸಿದ. ಕಾಯಿಲೆಯ ಹಾಸಿಗೆಯ ಪಕ್ಕ ಕೂತವರಿಗೆ ಎಲ್ಲವನ್ನೂ ಕರ್ಮದ ತಲೆಗೆ ಕಟ್ಟಿ ಎದ್ದುಹೋಗಲು ಆಗಲಿಲ್ಲ. ನಾನು ಎದ್ದುಹೋಗಿದ್ದೆ.

ಆಮೇಲೆ ನನ್ನ ಮನೆಗೇ ನೋವು ಬಂತು.

ಮಗಳು ಹದಿನಾಲ್ಕಕ್ಕೆ ದೊಡ್ಡವಳಾದಳು. ಮೊದಲ ವರ್ಷದಿಂದಲೇ ಮುಟ್ಟಿನ ಮೂರು ದಿನ ನೆಲದ ಮೇಲೆ ಹೊರಳಾಡುತ್ತಿದ್ದಳು. ನನಗೂ ಹಾಗೇ ಆಗುತ್ತಿತ್ತು, ನಮ್ಮವ್ವನಿಗೂ. ‘ನಮ್ಮ ಮನೆ ಹೆಣ್ಣುಮಕ್ಕಳ ಪಾಡೇ ಇಷ್ಟು’ ಎಂದು ಅವ್ವ ಓಮದ ಕಷಾಯ ಕಾಯಿಸಿ ಕೊಡುತ್ತಿದ್ದರು. ಇಪ್ಪತ್ತು ವರ್ಷ ಹೆಂಗಸರ ಆರೋಗ್ಯ ನೋಡಿದ ನಾನೂ ‘ಮದುವೆಯಾದರೆ ಸರಿಹೋಗುತ್ತೆ’ ಅಂದೆ. ಮದುವೆಯಾಯಿತು. ಸರಿಹೋಗಲಿಲ್ಲ. ಮಕ್ಕಳಾಗಲಿಲ್ಲ. ಜಾತಕ ನೋಡಿದವರು ನಾಗದೋಷ ಎಂದರು. ಬನಕ್ಕೆ ತನು ಹಾಕಿಸಿದೆವು, ಸುಬ್ರಹ್ಮಣ್ಯಕ್ಕೆ ಹೋಗಿ ಆಶ್ಲೇಷಾ ಬಲಿ ಮಾಡಿಸಿದೆವು. ಕೊನೆಗೆ ಬೆಂಗಳೂರಿನಲ್ಲಿ ಹೊಟ್ಟೆಗೆ ದುರ್ಬೀನು ಹಾಕಿ ನೋಡಿದ ವೈದ್ಯೆ ಎಂಡೊಮೆಟ್ರಿಯೋಸಿಸ್ ಎಂದರು. ಗರ್ಭಕೋಶದ ಒಳಪದರದಂಥದ್ದು ಕೋಶದ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಮೇಲೆ ಬೆಳೆದು, ತಿಂಗಳು ತಿಂಗಳು ಅಲ್ಲೇ ಕೆರಳಿ ಗಾಯವಾಗುವ ಕಾಯಿಲೆ. ‘ತಾಯಿಗೂ ಇತ್ತೇ?’ ಎಂದು ಆಕೆ ಕೇಳಿದರು. ಜಗಲಿಯ ಆ ತಾಯಿ ನನಗೆ ನೆನಪಾದದ್ದು ಆ ಗಳಿಗೆಯಲ್ಲಿ.

ಎಂಡೊಮೆಟ್ರಿಯೋಸಿಸ್ ಹಂದಿಗೋಡು ಕಾಯಿಲೆಯ ಹಾಗೆ ನೇರ ಇಳಿಯುವುದಿಲ್ಲ. ಹೆರುವ ವಯಸ್ಸಿನ ಹತ್ತು ಹೆಂಗಸರಲ್ಲಿ ಒಬ್ಬರಿಗೆ, ಜಗತ್ತಿನಲ್ಲಿ ಸುಮಾರು 19 ಕೋಟಿ ಜನಕ್ಕೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವಳಿ ಸೋದರಿಯರನ್ನು ಹೋಲಿಸಿ ನೋಡಿದವರ ಪ್ರಕಾರ, ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದಿರುವ ವ್ಯತ್ಯಾಸದಲ್ಲಿ ಸುಮಾರು ಅರ್ಧದಷ್ಟು ವಂಶವಾಹಿಗಳಿಂದ. ಅದೂ ಒಂದೇ ವಂಶವಾಹಿ ಅಲ್ಲ, ಹತ್ತಾರು, ಒಂದೊಂದರ ಪಾಲೂ ಚೂರುಚೂರು. 2010ರಲ್ಲಿ ಜಪಾನಿನವರು ಒಂಬತ್ತನೇ ಕ್ರೋಮೋಸೋಮಿನಲ್ಲಿ ಒಂದು ಜಾಗ ಗುರುತಿಸಿದರು. 2023ರಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿ ಮಾಡಿದ ಅಧ್ಯಯನದಲ್ಲಿ ಅಂಥ 42 ಜಾಗಗಳು ಸಿಕ್ಕವು. ಆ ಅರವತ್ತು ಸಾವಿರವೂ ಯುರೋಪಿನ ಮತ್ತು ಪೂರ್ವ ಏಷ್ಯಾದ ಮೂಲದವರು. ನನ್ನ ಮಗಳಂಥವರ ರಕ್ತ ಆ ಲೆಕ್ಕದಲ್ಲಿಲ್ಲ. ಮುಂಬೈನ ಐಸಿಎಂಆರ್ ಸಂಸ್ಥೆಯೊಂದರ ನೇತೃತ್ವದಲ್ಲಿ ನಮ್ಮ ದೇಶದ ಹೆಂಗಸರ ಅಧ್ಯಯನ ಇತ್ತೀಚೆಗಷ್ಟೇ ಶುರುವಾಯಿತು.

ಯಾವ ಜನಕ್ಕೆ ಯಾವ ಕಾಯಿಲೆ ಅನ್ನುವುದರಲ್ಲಿ ರಕ್ತದ ಪಾಲೆಷ್ಟು, ನೋಡುವ ಕಣ್ಣಿನ ಪಾಲೆಷ್ಟು ಅನ್ನುವುದಕ್ಕೂ ಈ ಕಾಯಿಲೆಯ ಚರಿತ್ರೆಯೇ ಪಾಠ. ಅಮೆರಿಕದಲ್ಲಿ ಬಹುಕಾಲ ಇದನ್ನು ಅನುಕೂಲಸ್ಥ ಮನೆಯ, ತಡವಾಗಿ ಮದುವೆಯಾಗಿ ತಡವಾಗಿ ಹೆರುವ ಹೆಂಗಸರ ಕಾಯಿಲೆ ಎಂದು ನಂಬಿದ್ದರು. ಹೆಸರಾಂತ ವೈದ್ಯ ಜೋ ವಿನ್ಸೆಂಟ್ ಮೀಗ್ಸ್ ಹಾಗೆ ಬರೆದರು. ಕಪ್ಪು ಹೆಂಗಸರಿಗೆ ಇದು ಬರುವುದೇ ಅಪರೂಪ ಎಂದು ಪಾಠ ಹೇಳುತ್ತಿದ್ದರು. ಅವರು ಹೊಟ್ಟೆನೋವೆಂದು ಬಂದರೆ ಕೆಟ್ಟ ನಡತೆಯಿಂದ ಬಂದ ಸೋಂಕು ಎಂಬ ಅನುಮಾನ. 1976ರಲ್ಲಿ ಡಾ. ಡೊನಾಲ್ಡ್ ಚಾಟ್‌ಮನ್ ಹಾಗೆ ಸೋಂಕು ಎಂದು ಬರೆಸಿಕೊಂಡಿದ್ದ ಕಪ್ಪು ಹೆಂಗಸರನ್ನು ಪರೀಕ್ಷಿಸಿದಾಗ ಐದರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇದ್ದದ್ದು ಎಂಡೊಮೆಟ್ರಿಯೋಸಿಸ್. ರಕ್ತ ಬೇರೆಯಾಗಿರಲಿಲ್ಲ, ವೈದ್ಯರ ಕಣ್ಣು ಬೇರೆಯಾಗಿತ್ತು. ಅಲ್ಲೂ ನೋವಿನ ಮುಂದೆ ನಿಂತವರು ಮೊದಲು ಹುಡುಕಿದ್ದು ಪಾಪವನ್ನೇ.

ನನ್ನ ಮನೆಯಲ್ಲಿ ಆದದ್ದನ್ನು ಈಗ ಪಕ್ಕಕ್ಕಿಟ್ಟು ನೋಡುತ್ತೇನೆ. ಮಗಳಿಗೆ ನಾಗದೋಷ ಎಂದರು, ನಿಜ. ಆದರೆ ನಮ್ಮ ಕುಲವೇ ಪಾಪದ್ದು, ಆದ್ದರಿಂದ ಹೀಗೆ ಎಂದು ಒಬ್ಬರೂ ಹೇಳಲಿಲ್ಲ. ಕುಲದೊಳಗೇ ಹರಿದುಬರುವ ಇನ್ನೊಂದನ್ನೂ ನೋಡಿ. ಸಾಗರದ ಅರಿವಳಿಕೆ ವೈದ್ಯರು ಆಪರೇಷನ್‌ಗೆ ಮುಂಚೆ ‘ನೀವು ಆರ್ಯವೈಶ್ಯರಾ?’ ಎಂದು ಕೇಳುವುದನ್ನು ನಾನು ಕಂಡಿದ್ದೇನೆ. ಅವರಲ್ಲಿ ಹಲವರಿಗೆ ಒಂದು ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಮಾಂಸಖಂಡ ಸಡಿಲಿಸಲು ಕೊಡುವ ಒಂದು ಮದ್ದು ಅಂಥವರ ಮೈಯಲ್ಲಿ ಕರಗದೆ ಗಂಟೆಗಟ್ಟಲೆ ಉಸಿರು ಕಟ್ಟಿಸಿಬಿಡಬಹುದು. ಅದೂ ಒಂದು ಸಮುದಾಯದೊಳಗೇ ಉಳಿದು ಹೆಚ್ಚಿದ ವಂಶವಾಹಿಯ ಬದಲಾವಣೆ, ಹಂದಿಗೋಡಿನದರ ಹಾಗೇ. ವ್ಯಾಪಾರಸ್ಥರ ಮನೆಯದಾದ್ದರಿಂದ ಅದು ಕೇಸ್ ಶೀಟಿನ ಒಂದು ಸಾಲು. ಕೂಲಿಯವರ ಮನೆಯದಾದರೆ ಪೂರ್ವಜನ್ಮ. ಕರ್ಮ ಎಂಬ ಮಾತು ಎಲ್ಲರಿಗೂ ಒಂದೇ ತೂಕದಲ್ಲಿ ಸಿಗುವುದಿಲ್ಲ, ಕೇರಿಗೆ ಇಳಿದ ಹಾಗೆ ಅದರ ಭಾರ ಹೆಚ್ಚುತ್ತದೆ.

ಇಲ್ಲಿಗೆ ನಾನು ಬಹಳ ದಿನ ಯೋಚಿಸಿದ ಮಾತಿಗೆ ಬರುತ್ತೇನೆ. ಎಲುಬಿನ ಈ ಬದಲಾವಣೆ ಯಾವುದೋ ಕಾಲದಲ್ಲಿ ಯಾರೋ ಒಬ್ಬ ಪೂರ್ವಜನಲ್ಲಿ ತಾನೇ ತಾನಾಗಿ ಆಗಿರಬೇಕು. ಜೀವಕೋಶ ತನ್ನನ್ನು ತಾನು ನಕಲು ಮಾಡುವಾಗ ಒಂದು ಅಕ್ಷರ ತಪ್ಪಿತು, ಅಷ್ಟೆ. ಅಂಥ ತಪ್ಪು ನಿಮ್ಮಲ್ಲಿ, ನನ್ನಲ್ಲಿ, ಪ್ರತಿ ಹುಟ್ಟಿನಲ್ಲೂ ಆಗುತ್ತಲೇ ಇರುತ್ತದೆ. ಅದಕ್ಕೆ ಉದ್ದೇಶವಿಲ್ಲ, ತೀರ್ಪಿಲ್ಲ. ಆದರೆ ಅದು ಎರಡು ಸಮುದಾಯದೊಳಗೇ ಸುತ್ತಿ ಸುತ್ತಿ ನಿಂತದ್ದಕ್ಕೆ ಕಾರಣ ಇದೆ. ಸುತ್ತ ನಾವು ಗೋಡೆ ಕಟ್ಟಿದ್ದೆವು. ಅವರ ಮನೆಯ ಹೆಣ್ಣನ್ನು ನಾವು ತರಲಿಲ್ಲ, ನಮ್ಮ ಮನೆಯ ಹೆಣ್ಣನ್ನು ಕೊಡಲಿಲ್ಲ. ಆ ಗೋಡೆಗೂ ವಯಸ್ಸಿದೆ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯವರೂ ಹೊರದೇಶದ ವಿಜ್ಞಾನಿಗಳೂ ಸೇರಿ 2013ರಲ್ಲಿ ಲೆಕ್ಕ ಹಾಕಿ ತೋರಿಸಿದರು: ಸುಮಾರು 4200ರಿಂದ 1900 ವರ್ಷಗಳ ಹಿಂದಿನವರೆಗೆ ಈ ದೇಶದ ಜನ ಧಾರಾಳವಾಗಿ ಬೆರೆತರು, ಆಮೇಲೆ ಬೆರೆಯುವುದು ನಿಂತಿತು. 2017ರಲ್ಲಿ ಅವರೇ ದಕ್ಷಿಣ ಏಷ್ಯಾದ 263 ಗುಂಪುಗಳನ್ನು ನೋಡಿದಾಗ, ಅವುಗಳಲ್ಲಿ 81 ಗುಂಪುಗಳು ಕೆಲವೇ ಮೂಲಪುರುಷರ ಸಂತತಿಯಾಗಿ ಒಳಗೊಳಗೇ ಬೆಳೆದದ್ದು ಫಿನ್‌ಲೆಂಡಿನವರಿಗಿಂತಲೂ ಯುರೋಪಿನ ಯಹೂದಿಗಳಿಗಿಂತಲೂ ಬಲವಾಗಿತ್ತು. ದಕ್ಷಿಣ ಆಫ್ರಿಕಾದ ಮ್ಸೆಲೆನಿ ಎಂಬಲ್ಲಿ ಹಂದಿಗೋಡನ್ನೇ ಹೋಲುವ ಸಂಧಿರೋಗವಿದೆ. ಎರಡೂ ಒಂದೇ ಇರಬಹುದೇ ಎಂದು ಅಗರ್ವಾಲ್ ಮತ್ತು ಸಂಗಡಿಗರು 1997ರಲ್ಲಿ ಚರ್ಚಿಸಿದ್ದರು. ಅಲ್ಲಿಯವರೂ ಹೊರಗಿನಿಂದ ದೂರವೇ ಉಳಿದ ಮೂಲೆಯ ಜನ.

ಹಾಗಾದರೆ ಇಲ್ಲಿ ಕರ್ಮವೇ ಇಲ್ಲವೇ? ಇದೆ ಎಂದು ನಾನು ನಂಬುತ್ತೇನೆ. ಕರ್ಮವೆಂದರೆ ಮಾಡಿದ್ದು. ಗೋಡೆ ಕಟ್ಟಿದ್ದು ಮಾಡಿದ್ದೇ. ವಿಷ ಹೊಡೆದ ಗದ್ದೆಯಿಂದ ನಮ್ಮ ಮಕ್ಕಳನ್ನಷ್ಟೇ ಕರೆದದ್ದು ಮಾಡಿದ್ದೇ. ಸಂಶೋಧನೆಗೆಂದು ಮತ್ತೆ ಮತ್ತೆ ಬಂದು ರಕ್ತ ಎಳೆದುಕೊಂಡು ಹೋಗಿ, ಅದರಲ್ಲಿ ಏನು ಕಂಡಿತೆಂದು ಕೊಟ್ಟವರಿಗೆ ಹೇಳದೆ ಉಳಿದದ್ದು ಮಾಡಿದ್ದೇ. ‘ಹಣೆಬರಹ’ ಅಂದು ಡಬ್ಬಿ ಎತ್ತಿಕೊಂಡದ್ದು ನಾನೇ ಮಾಡಿದ್ದು. ಇವೆಲ್ಲ ಈ ಜನ್ಮದವು, ಹಗಲು ಹೊತ್ತಿನವು, ಮಾಡಿದವರ ಹೆಸರು ಗೊತ್ತಿರುವವು. ಇದರ ಫಲ ಮಾಡಿದವರಿಗೆ ಬರಲಿಲ್ಲ, ಜಗಲಿಯಲ್ಲಿ ಕೂತವರಿಗೆ ಬಂತು. ಕರ್ಮಸಿದ್ಧಾಂತದಲ್ಲಿ ನನಗೆ ಉಳಿದಿರುವ ದೊಡ್ಡ ತಕರಾರು ಇದೇ, ಅದಕ್ಕೆ ಉತ್ತರ ಹೇಳಿದವರನ್ನು ನಾನು ಇನ್ನೂ ಕಂಡಿಲ್ಲ.

ಒಂದು ಮಾತನ್ನು ಮರೆಮಾಚಬಾರದು. ಕೆಲವು ತಾಯಂದಿರಿಗೆ ಕರ್ಮದ ಮಾತು ಆಸರೆಯೂ ಆಗಿತ್ತು. ‘ಈ ಜನ್ಮಕ್ಕೆ ಮುಗೀತು, ಮುಂದಿನ ಜನ್ಮಕ್ಕಾದ್ರೂ ನೆಟ್ಟಗೆ ನಡೀತಾನೆ’ ಎಂದು ಮಗನ ಕಾಲಿಗೆ ಎಣ್ಣೆ ನೀವುತ್ತ ಹೇಳಿದವಳ ಮುಂದೆ ನಾನು ವಾದ ಮಾಡಲಿಲ್ಲ, ಇವತ್ತೂ ಮಾಡುವುದಿಲ್ಲ. ನೋವು ಉಂಡವರು ತಮ್ಮ ನೋವಿಗೆ ತಾವು ಕೊಟ್ಟುಕೊಳ್ಳುವ ಅರ್ಥ ಅವರದು. ನೋವಿಲ್ಲದವರು ಅದನ್ನು ಅವರ ತಲೆಗೆ ಕಟ್ಟುವುದು ಬೇರೆ.

ವಂಶವಾಹಿಯ ಮಾತೂ ಹೀಗೆ ಇನ್ನೊಂದು ಹಣೆಬರಹವಾಗಿಬಿಡಬಹುದು ಎಂಬ ಭಯ ನನಗಿದೆ. ‘ಅವರ ರಕ್ತದಲ್ಲೇ ಇದೆಯಂತೆ’ ಎಂದು ಮೊದಲು ದೂರ ನಿಂತವರು ಆಮೇಲೆ ಇನ್ನೂ ದೂರ ನಿಂತರು. ಬೇರೆ ಜಾತಿಯಲ್ಲಿ ಮದುವೆಯಾಗಿ ಎಂದು ಸಲಹೆ ಕೊಟ್ಟವರಿದ್ದರು. ಕಾಯಿಲೆಯಿದ್ದವರು ಬೇರೆ ಯಾರನ್ನು ಕಟ್ಟಿಕೊಂಡರೂ ಮಗುವಿಗೆ ಅರ್ಧದ ಸಾಧ್ಯತೆ ಇದ್ದೇ ಇರುತ್ತದೆ. ಇಬ್ಬರಿಗೂ ಇದ್ದರೆ ಅದು ಮುಕ್ಕಾಲಾಗುತ್ತದೆ; ಹೊರಗೆ ಮದುವೆಯಾದರೆ ಆ ಮುಕ್ಕಾಲು ತಪ್ಪುತ್ತದೆ ಅಷ್ಟೆ. ಸಲಹೆ ಕೊಟ್ಟವರಲ್ಲಿ ಯಾರೂ ತಮ್ಮ ಮನೆಯ ಬಾಗಿಲು ತೆಗೆಯಲಿಲ್ಲ. ಆದರೂ ಅರ್ಧ ಅನ್ನುವ ಮಾತಿನಲ್ಲಿ ಕರ್ಮದ ಮಾತಿನಲ್ಲಿಲ್ಲದ ಒಂದು ಕರುಣೆ ಇದೆ. ಅರ್ಧ ಅಂದರೆ ಬರದಿರುವುದೂ ಅರ್ಧ. ಬಂದ ಮಗು ಕೆಟ್ಟದ್ದಲ್ಲ, ಬರದ ಮಗು ಪುಣ್ಯವಂತನಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣ ಕೋಲು ಹಿಡಿದು, ತಮ್ಮ ಓಡಿದ್ದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ.

2018ರಲ್ಲಿ ನಿವೃತ್ತಳಾದೆ. ಮಾರನೇ ವರ್ಷ ಸಾಗರಕ್ಕೆ ಹೋದಾಗ ಆ ಕೇರಿಗೆ ಹೋದೆ. ಗದ್ದೆಯಂಚಿನ ದಾರಿಗೆ ಈಗ ಕಾಂಕ್ರೀಟು. ಆ ತಾಯಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಹುಡುಗನಿಗೆ ಮೂವತ್ತೇಳು. ಒಂದು ಕಡೆಯ ಸೊಂಟದ ಕೀಲು ಬದಲಾಯಿಸಿದ್ದಾರೆ, ಇನ್ನೊಂದು ಬಾಕಿ. ರಸ್ತೆ ಪಕ್ಕ ಸಣ್ಣ ಗೂಡಂಗಡಿ, ಎತ್ತರದ ಸ್ಟೂಲಿನ ಮೇಲೆ ಕೂತೇ ವ್ಯಾಪಾರ ಮಾಡುತ್ತಾನೆ. ನನ್ನ ಗುರುತು ಹಿಡಿದು ಗೋಲಿಸೋಡಾ ಒಡೆದು ಕೊಟ್ಟ, ದುಡ್ಡು ತಗೊಳ್ಳಲಿಲ್ಲ. ಅವನ ಅವ್ವ ಕೇಳಿದ್ದ ಪ್ರಶ್ನೆಯನ್ನೂ ನಾನು ಅಂದು ಆಡಿದ ಮಾತನ್ನೂ ಹೇಳಿದೆ. ಅದು ಅವ್ವನದೂ ಅಲ್ಲ, ನಿನ್ನದೂ ಅಲ್ಲ ಅಂದೆ. ಬೀಜದಲ್ಲಿ ಒಂದು ಅಕ್ಷರ ತಪ್ಪಿ ಆದದ್ದು, ಅದಕ್ಕೆ ಯಾರೂ ಹೊಣೆಯಲ್ಲ, ಸುತ್ತ ಕಟ್ಟಿದ ಗೋಡೆಗೆ ಮಾತ್ರ ನಮ್ಮಂಥವರು ಹೊಣೆ ಅಂದೆ.

ಅವನು ಸ್ವಲ್ಪ ಹೊತ್ತು ರಸ್ತೆ ನೋಡಿದ. ‘ಅವ್ವ ಇದ್ದಾಗ ಹೇಳ್ಬೇಕಿತ್ತು ನರ್ಸಮ್ಮ. ಸಾಯೋವರೆಗೂ ನನ್ ಮುಖ ನೋಡಿ ತಪ್ಪಾಯ್ತು ಮಗಾ ಅಂತಿತ್ತು’ ಅಂದ.

ಈಗ ಸಾಗರ, ಹೊಸನಗರ, ತೀರ್ಥಹಳ್ಳಿಯ ಕೇರಿಗಳಿಗೆ ಹೋಗುವ ಆಶಾ ಕಾರ್ಯಕರ್ತೆಯರಲ್ಲಿ, ನರ್ಸಮ್ಮಂದಿರಲ್ಲಿ, ಶಾಲೆಯ ಮೇಡಂಗಳಲ್ಲಿ ನನ್ನದೊಂದು ಬೇಡಿಕೆ. ಯಾವುದಾದರೂ ತಾಯಿ ನಿಮ್ಮನ್ನು ಆ ಪ್ರಶ್ನೆ ಕೇಳಿದರೆ ಡಬ್ಬಿ ಕೆಳಗಿಡಿ, ಅವಳ ಪಕ್ಕ ಕೂತುಕೊಳ್ಳಿ. ನಿನ್ನದಲ್ಲ, ಮಗುವಿನದೂ ಅಲ್ಲ ಎಂದು ಬಾಯಿಬಿಟ್ಟು ಹೇಳಿ. ಮಾತ್ರೆ ಆಮೇಲೆ ಎಣಿಸಿದರಾಯಿತು.